ಟ್ರಯಥ್ಲಾನ್ ಗೆಳೆಯರ ಪೈಪೋಟಿ ಹೀಗಿರಲಿ

ಟ್ರಯಥ್ಲಾನ್ ಅಂದರೆ ಈಜು, ಸೈಕಲ್, ಓಟ ಮೂರನ್ನೂ ಒಂದರ ಹಿಂದೊಂದು ಮಾಡುವ ರೇಸು. ಗೆಳೆಯರು ಸೇರಿ ಇದಕ್ಕೆ ಅಭ್ಯಾಸ ಮಾಡುವಾಗ ವಾರಕ್ಕೆ ಒಂದೇ ದಿನ ಪೈಪೋಟಿ ಇಟ್ಟುಕೊಳ್ಳಿ. ಉಳಿದ ದಿನ ಮಾತಾಡಿಕೊಂಡು ಓಡುವಷ್ಟೇ ವೇಗ ಸಾಕು. ಹಗುರ ಓಟದಲ್ಲಿ ಒಬ್ಬರು ಅರ್ಧ ಹೆಜ್ಜೆ ಮುಂದೆ ಸರಿದರೆ ಪಕ್ಕದವರೂ ಸರಿಯುತ್ತಾರೆ. ಮೂರನೇ ಕಿಲೋಮೀಟರಿಗೆ ಅದು ರೇಸೇ ಆಗಿರುತ್ತದೆ. ಅಂಥ ದಿನ ನಿಧಾನದವರನ್ನೇ ಮುಂದೆ ಬಿಡಿ.

ಪೈಪೋಟಿಯ ದಿನಕ್ಕೆ 20 ಕಿ.ಮೀ. ಸೈಕಲ್, ಇಳಿದ ಕೂಡಲೇ 5 ಕಿ.ಮೀ. ಓಟ. ಎಲ್ಲರೂ ಒಟ್ಟಿಗೆ ಹೊರಟರೆ ಗೆಲ್ಲೋದು ಯಾರೆಂದು ಮೊದಲೇ ಗೊತ್ತು, ಮಜಾ ಇಲ್ಲ. ಒಬ್ಬರಿಗೆ 78 ನಿಮಿಷ, ಇನ್ನೊಬ್ಬರಿಗೆ 70 ಹಿಡಿಯುವುದಾದರೆ ಮೊದಲನೆಯವರನ್ನು 8 ನಿಮಿಷ ಮುಂಚೆ ಕಳಿಸಿ. ಕೊನೆಯ ಕಿಲೋಮೀಟರಿನಲ್ಲಿ ಹಿಂದಿನಿಂದ ಶೂ ಸದ್ದು ಕೇಳಿಸತೊಡಗಿದಾಗ ಇಬ್ಬರೂ ಜೀವ ಬಿಟ್ಟು ಓಡುತ್ತಾರೆ. ಮುಂದಿನ ಸಲ ಹೆಚ್ಚು ರಿಯಾಯಿತಿ ಸಿಗಲೆಂದು ಬೇಕಂತಲೇ ನಿಧಾನ ಮಾಡುವ ಕಿಲಾಡಿಗಳೂ ಇರುತ್ತಾರೆ. ಹಾಗಾಗಿ ಕಳೆದ ಮೂರು ಸಲದ ಪೈಕಿ ಅತ್ಯುತ್ತಮ ಸಮಯವನ್ನೇ ಲೆಕ್ಕಕ್ಕೆ ಹಿಡಿಯಿರಿ. ಸೋತವರು ಇಡ್ಲಿ, ಕಾಫಿ ಕೊಡಿಸಲಿ.

ಸೈಕಲ್ಲಿನಲ್ಲಿ ಒಬ್ಬರ ಹಿಂದೆ ಒಬ್ಬರು ಅಂಟಿಕೊಳ್ಳಬೇಡಿ. ಐರನ್‌ಮ್ಯಾನ್ ಎಂಬ ದೂರದ ಟ್ರಯಥ್ಲಾನ್ ರೇಸಿನಲ್ಲಿ ಹವ್ಯಾಸಿಗಳಿಗೆ 12 ಮೀಟರ್ ಅಂತರದ ನಿಯಮವಿದೆ, ಅಭ್ಯಾಸದಲ್ಲೂ ಅದೇ ಇರಲಿ. ನಿಮ್ಮ ಮುಂದಿನ ಚಕ್ರ ಅವರ ಹಿಂದಿನ ಚಕ್ರಕ್ಕೆ ತಾಗಿದರೆ ಸಾಮಾನ್ಯವಾಗಿ ಬೀಳುವುದು ನೀವೇ. ಈಜಿನಲ್ಲಿ ಮಾತ್ರ ಬೆನ್ನು ಹತ್ತಬಹುದು. ಪ್ರತಿ 100 ಮೀಟರಿಗೆ ಮುಂದಿರುವವರು ಬದಲಾಗಲಿ. ಪದೇ ಪದೇ ಅಂಗಾಲು ಮುಟ್ಟಬೇಡಿ, ಅದರಷ್ಟು ಕಿರಿಕಿರಿ ಬೇರೆ ಇಲ್ಲ.