1064ರಿಂದ 1480 ನ್ಯಾನೋಮೀಟರ್‌ಗೆ: ರಾಮನ್ ಫೈಬರ್ ಲೇಸರ್ ಕಟ್ಟಿದ ಅನುಭವ

ಇಟರ್ಬಿಯಂ ಎಂಬ ಲೋಹ ಬೆರೆಸಿದ ಗಾಜಿನ ಎಳೆಯ (ಫೈಬರ್) ಲೇಸರ್ 1 ಮೈಕ್ರಾನ್ (1000 ನ್ಯಾನೋಮೀಟರ್) ತರಂಗಾಂತರದ ಆಸುಪಾಸು ಬಿಟ್ಟು ದೂರ ಹೋಗುವುದಿಲ್ಲ. 1240 ಅಥವಾ 1480 ನ್ಯಾನೋಮೀಟರ್ ಬೇಕಾದಾಗ ನಾವು ರಾಮನ್ ಚದುರಿಕೆಯನ್ನು ಬಳಸುತ್ತೇವೆ: ಬೆಳಕು ತನ್ನ ಸ್ವಲ್ಪ ಶಕ್ತಿಯನ್ನು ಗಾಜಿನ ಕಂಪನಕ್ಕೆ ಕೊಟ್ಟು ಉದ್ದದ ತರಂಗಾಂತರಕ್ಕೆ ಸರಿಯುತ್ತದೆ. ಫೈಬರಿನ ಸಿಲಿಕಾ ಗಾಜಿನಲ್ಲಿ ಪ್ರತಿ ಹಂತಕ್ಕೂ ಬೆಳಕಿನ ಆವೃತ್ತಿ ಸುಮಾರು 13.2 ಟೆರಾಹರ್ಟ್ಸ್ ಇಳಿದು, ತರಂಗಾಂತರ (ನ್ಯಾನೋಮೀಟರಿನಲ್ಲಿ) ಹೀಗೆ ಏರುತ್ತದೆ: 1064, 1117, 1175, 1240, 1310, 1390, 1480. ಆರು ಹಂತ ದಾಟಿದರೆ ದಕ್ಷತೆಯ ಮೇಲ್ಮಿತಿಯೇ 72%.

ಪ್ರತಿ ಹಂತಕ್ಕೂ ಗ್ರೇಟಿಂಗ್ (ಒಂದೇ ತರಂಗಾಂತರವನ್ನು ಪ್ರತಿಫಲಿಸುವ, ಫೈಬರಿನೊಳಗಿನ ಕನ್ನಡಿ) ಜೋಡಿ ಹಾಕುವುದನ್ನು ಬಿಟ್ಟಿದ್ದೇವೆ. ಪಂಪನ್ನು, ಅಂದರೆ ಮೊದಲ 1064ರ ಬೆಳಕನ್ನು, ಕಪ್ಲರ್ (ಫೈಬರುಗಳ ನಡುವೆ ಬೆಳಕನ್ನು ಕೂಡಿಸುವ ಅಥವಾ ಬೇರ್ಪಡಿಸುವ ಜೋಡಣೆ) ಮೂಲಕ ಕೆಲವು ನೂರು ಮೀಟರ್ ರಾಮನ್ ಫೈಬರಿಗೆ ಕೊಟ್ಟು, ಕಪ್ಲರಿನ ಖಾಲಿ ತುದಿಯನ್ನು ನೇರವಾಗಿ ಕ್ಲೀವ್ ಮಾಡಿದರೆ (ಕತ್ತರಿಸಿದರೆ) ಸಾಕು, ಸುಮಾರು 3.5% ಪ್ರತಿಫಲನ ಎಲ್ಲ ತರಂಗಾಂತರಗಳಿಗೂ ಸಿಗುತ್ತದೆ. ಮಿಕ್ಕ ಕೆಲಸ ರೇಲೀ ಚದುರಿಕೆಯದು, ಅದು ಫೈಬರಿನ ಉದ್ದಕ್ಕೂ ಸ್ವಲ್ಪ ಸ್ವಲ್ಪ ಬೆಳಕನ್ನು ಹಿಂದಕ್ಕೆ ಕಳಿಸುತ್ತದೆ. ಬೆಳಕು ಹೊರಬರುವ ತುದಿಯನ್ನು ಮಾತ್ರ, ಅಲ್ಲಿಂದ ಪ್ರತಿಫಲನ ಬರದಂತೆ, 8 ಡಿಗ್ರಿ ಓರೆಯಾಗಿ ಕತ್ತರಿಸಬೇಕು. ಫೈಬರಿನ ಕೋರ್ (ಬೆಳಕು ಸಾಗುವ ನಡುಭಾಗ) ಸಣ್ಣದಿರಲಿ, 1500ರ ಆಚೆ ನಷ್ಟ ಜಾಸ್ತಿ ಇರಲಿ. ಆಗ 1580ರ ಹಂತ ಹುಟ್ಟುವುದೇ ಇಲ್ಲ. ನೀರಿನ ಅಂಶವೂ ಕಡಿಮೆ ಇರಬೇಕು, ಏಕೆಂದರೆ ಅದು ಬೆಳಕನ್ನು ಹೀರುವ 1383 ನಮ್ಮ 1390ರ ಪಕ್ಕದಲ್ಲೇ ಇದೆ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಪಂಪಿನ ತೀವ್ರತೆಯ ಏರಿಳಿತ. ರಾಮನ್ ವರ್ಧನೆ ಪಿಕೋಸೆಕೆಂಡಿಗಿಂತ ಬೇಗ ಸ್ಪಂದಿಸುತ್ತದೆ. ತೀವ್ರತೆ ಏರಿದ ಕ್ಷಣದಲ್ಲಿ ಬೆಳಕು ಮುಂದಿನ ಹಂತಕ್ಕೆ ದಾಟುತ್ತದೆ, ಇಳಿದ ಕ್ಷಣದಲ್ಲಿ ಹಿಂದೆಯೇ ಉಳಿಯುತ್ತದೆ. ಹಂತ ಹಂತಕ್ಕೂ ಈ ವ್ಯತ್ಯಾಸ ಬೆಳೆದು, ಕೊನೆಗೆ 1480ರ ಜೊತೆ 1390 ಉಳಿದುಬಿಡುತ್ತದೆ. ಪವರ್ ಏರಿಸಿ ಇದನ್ನು ಪೂರ್ತಿ ತೊಳೆಯಲಾಗದು, ಪಂಪನ್ನೇ ಬದಲಿಸಬೇಕು. ಹಲವು ಮೋಡುಗಳಲ್ಲಿ (ಒಂದಕ್ಕೊಂದು ಹತ್ತಿರದ ಹಲವು ಆವೃತ್ತಿಗಳಲ್ಲಿ) ಆಂದೋಲಿಸುವ ಲೇಸರಿನ ಬದಲು, ಒಂದೇ ಆವೃತ್ತಿಯ ಡಯೋಡಿನ ಬೆಳಕಿಗೆ ಫೇಸ್ ಮಾಡ್ಯುಲೇಷನ್ (ಅಲೆಯ ಹಂತವನ್ನಷ್ಟೇ ಬದಲಿಸುವುದು) ಕೊಟ್ಟು ವರ್ಧಿಸುವುದು ನನ್ನ ಆಯ್ಕೆ. ತೀವ್ರತೆ ಸಮವಾಗಿರುತ್ತದೆ, ಬೆಳಕನ್ನು ಹಿಂದಕ್ಕೆ ತಳ್ಳುವ ಬ್ರಿಲ್ವಾ ಚದುರಿಕೆಯೂ ಹತೋಟಿಗೆ ಬರುತ್ತದೆ.

ಹಿಂದಕ್ಕೆ ಬರುವ 1117ರ ಬೆಳಕನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಇಟರ್ಬಿಯಂ ಅಲ್ಲೂ ಸ್ವಲ್ಪ ವರ್ಧಿಸುತ್ತದೆ; ಆಂಪ್ಲಿಫೈಯರ್ ಸುಟ್ಟುಹೋಗಬಹುದು. ನಡುವೆ 1064 ಮತ್ತು 1117ನ್ನು ಬೇರ್ಪಡಿಸುವ ಕಪ್ಲರ್ ಇಟ್ಟು ಆ ಬೆಳಕನ್ನು ಹೊರಗೆ ಬಿಡಬೇಕು.

ಅಳತೆಯಲ್ಲೂ ಎಚ್ಚರ ಬೇಕು. ಥರ್ಮಲ್ ಮೀಟರ್ ಎಲ್ಲ ಹಂತಗಳ ಒಟ್ಟು ಪವರ್ ತೋರಿಸುತ್ತದೆ. ಸ್ಪೆಕ್ಟ್ರಮ್ಮನ್ನು ಡೆಸಿಬೆಲ್‌ನಿಂದ ವಾಟ್‌ಗೆ ಬದಲಿಸಿ, ಹಂತವಾರು ಕೂಡಿಸಿದ ಮೇಲೆಯೇ ಶುದ್ಧತೆ ಹೇಳಬೇಕು. ಮಾದರಿ ತೆಗೆಯಲು ಸಿಂಗಲ್ ಮೋಡ್ ಟ್ಯಾಪ್ (ಸ್ವಲ್ಪ ಬೆಳಕನ್ನು ಬೇರೆಡೆಗೆ ತಿರುಗಿಸುವ ಫೈಬರ್ ಕವಲು) ಬೇಡ, ಅದರ ಅನುಪಾತ ತರಂಗಾಂತರದೊಂದಿಗೆ ಬದಲಾಗುತ್ತದೆ. ಇಂಟಿಗ್ರೇಟಿಂಗ್ ಸ್ಫಿಯರ್ (ಒಳಗೆ ಬಿದ್ದ ಬೆಳಕನ್ನು ಸಮವಾಗಿ ಹರಡುವ ಟೊಳ್ಳು ಗೋಳ) ಒಳ್ಳೆಯದು. ಕಣ್ಣಿನ ರಕ್ಷಣೆಯ ಕನ್ನಡಕ 1064ಕ್ಕೆ ಮಾತ್ರ ಆದರೆ ಸಾಲದು, 1480ರವರೆಗಿನ ಪ್ರತಿ ಹಂತಕ್ಕೂ ಅದರ ರೇಟಿಂಗ್ ನೋಡಿಕೊಂಡೇ ಲೇಸರ್ ಹಚ್ಚಿ.