ಸೋಯಾ ಚೀಲದ ಬೆಲೆಯನ್ನು ಮನೆಯಲ್ಲೇ ಲೆಕ್ಕ ಹಾಕುವುದು ಹೇಗೆ?

ಸೋಯಾ ರಾಶಿ ಮುಗಿದು ಚೀಲಗಳು ಬೈಲಹೊಂಗಲ, ಬೆಳಗಾವಿ, ನಿಪ್ಪಾಣಿಯ ಮಾರುಕಟ್ಟೆಗಳ ಕಡೆ ಹೊರಡುವ ಹೊತ್ತಿಗೆ ಪ್ರತಿ ವರ್ಷ ಒಂದೇ ಪ್ರಶ್ನೆ ಕಿವಿಗೆ ಬೀಳುತ್ತದೆ: ‘ಅಂಗಡ್ಯಾಗ ಎಣ್ಣಿ ರೇಟ ಏರೇತಿ, ನಮ್ಮ ಸೋಯಾದ್ದ ಯಾಕ ಏರವಲ್ದು?’ ಕೇಳುವವರ ಸಿಟ್ಟು ನ್ಯಾಯವಾದದ್ದೇ. ಉತ್ತರಕ್ಕಾಗಿ ದಲಾಲರ ಬಾಯಿಯನ್ನೇ ಕಾಯಬೇಕಾಗಿಲ್ಲ. ಒಂದು ಕಾಗದ, ಮೊಬೈಲಿನ ಕ್ಯಾಲ್ಕ್ಯುಲೇಟರ್ ಮತ್ತು ನಾಲ್ಕಾರು ಅಂಕಿಗಳಿದ್ದರೆ ಚೀಲದ ಬೆಲೆ ಎಷ್ಟರ ಸುತ್ತ ಇರಬೇಕೆಂಬುದನ್ನು ಮನೆಯ ಕಟ್ಟೆಯ ಮೇಲೆ ಕುಳಿತೇ ಅಂದಾಜು ಮಾಡಬಹುದು.

ಮೊದಲು ಕಾಳನ್ನು ಎರಡಾಗಿ ನೋಡಿ

ಸೋಯಾವನ್ನು ಎಣ್ಣೆಕಾಳು ಎಂದು ಕರೆಯುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಶೇಂಗಾ ಬೀಜದಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಎಣ್ಣೆ ಇದ್ದರೆ, ಸೋಯಾ ಕಾಳಿನಲ್ಲಿ ಇರುವುದು ಶೇ 18ರಿಂದ 20 ಮಾತ್ರ. ಪ್ರೋಟೀನ್ ಶೇ 40ರ ಸಮೀಪ ಇರುತ್ತದೆ. ಶೇಂಗಾ, ಕುಸುಬೆ ಹಾಕುವ ಗಾಣಕ್ಕೆ ಸೋಯಾ ಒಗ್ಗದಿರುವುದೂ ಇದೇ ಕಾರಣಕ್ಕೆ. ದೊಡ್ಡ ಗಿರಣಿಗಳಲ್ಲಿ ಕಾಳನ್ನು ಒಡೆದು, ಅವಲಕ್ಕಿಯಂತೆ ತೆಳ್ಳಗೆ ಒತ್ತಿ, ಹೆಕ್ಸೇನ್ ಎಂಬ ದ್ರಾವಕದಿಂದ ತೊಳೆದು ಎಣ್ಣೆ ಬಿಡಿಸುತ್ತಾರೆ. ಆ ಹೆಕ್ಸೇನನ್ನು ಕಾಯಿಸಿ ಆವಿ ಮಾಡಿ ಮರಳಿ ಹಿಡಿದ ಮೇಲೆ ಒಂದು ಕಡೆ ಕಚ್ಚಾ ಎಣ್ಣೆ, ಇನ್ನೊಂದು ಕಡೆ ಎಣ್ಣೆ ಬಸಿದ ಹಿಂಡಿ ಉಳಿಯುತ್ತದೆ. ವ್ಯಾಪಾರಿಗಳು ಡಿಒಸಿ ಎನ್ನುವುದು ಈ ಹಿಂಡಿಯನ್ನೇ.

ಒಂದು ಕ್ವಿಂಟಲ್ ಕಾಳಿನಿಂದ ಸುಮಾರು 18 ಕಿಲೊ ಎಣ್ಣೆ ಮತ್ತು 80ರಿಂದ 82 ಕಿಲೊ ಹಿಂಡಿ ಬರುತ್ತದೆ. ಕಾಗದದ ತಲೆಯಲ್ಲಿ ಈ ಎರಡು ಅಂಕಿಗಳನ್ನು ಬರೆದುಕೊಳ್ಳಿ.

ಎಣ್ಣೆಯ ದರ ಹಿಡಿಯುವುದು

ಭಾರತ ತನಗೆ ಬೇಕಾದ ಖಾದ್ಯ ತೈಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಹೊರಗಿನಿಂದ ತರಿಸಿಕೊಳ್ಳುತ್ತದೆ. ಸೋಯಾ ಎಣ್ಣೆ ಮುಖ್ಯವಾಗಿ ಅರ್ಜೆಂಟೀನಾ ಮತ್ತು ಬ್ರೆಜಿಲ್‌ಗಳಿಂದ ಹಡಗಿನಲ್ಲಿ ಬರುತ್ತದೆ. ಇಂಡೊನೇಷ್ಯಾ, ಮಲೇಷ್ಯಾಗಳ ತಾಳೆ ಎಣ್ಣೆ ಕೆಲವೇ ದಿನಗಳಲ್ಲಿ ನಮ್ಮ ಬಂದರು ಮುಟ್ಟಿದರೆ, ದಕ್ಷಿಣ ಅಮೆರಿಕದ ಹಡಗಿಗೆ ಆರು ವಾರಗಳಾದರೂ ಬೇಕು. ಆದ್ದರಿಂದ ಇಂದಿನ ಅಂಗಡಿಯ ದರದಲ್ಲಿ ಒಂದೂವರೆ ತಿಂಗಳ ಹಿಂದಿನ ಒಪ್ಪಂದಗಳ ನೆರಳೂ ಇರುತ್ತದೆ.

ಈ ಎಣ್ಣೆಗೆ ಬೇಡಿಕೆ ಬರುವುದು ಒಗ್ಗರಣೆಗಾಗಿ ಮಾತ್ರವಲ್ಲ. ಶುದ್ಧೀಕರಿಸಿದ ಸೋಯಾ ಎಣ್ಣೆಗೆ ಹೆಚ್ಚಿನ ವಾಸನೆ ಇಲ್ಲ, ಬೇಗ ಹೊಗೆಯಾಡುವುದಿಲ್ಲ. ಅದಕ್ಕೇ ಮಿರ್ಚಿ ಭಜಿಯ ಬಾಣಲೆಯಿಂದ ಬಿಸ್ಕತ್ ಕಾರ್ಖಾನೆಯವರೆಗೆ ಸಲ್ಲುತ್ತದೆ. ಕಚ್ಚಾ ಎಣ್ಣೆಯಿಂದ ತೆಗೆದ ಅಂಟು ಲೆಸಿಥಿನ್ ಆಗಿ ಚಾಕೊಲೇಟಿಗೆ ಸೇರುತ್ತದೆ, ಬಣ್ಣ, ಮುದ್ರಣದ ಶಾಯಿಗಳಿಗೂ ಸೋಯಾ ಎಣ್ಣೆ ಬೇಕು. ಆದರೆ ದರವನ್ನು ನಿಜವಾಗಿ ಅಲುಗಾಡಿಸುತ್ತಿರುವುದು ಜೈವಿಕ ಡೀಸೆಲ್. ಅಮೆರಿಕದಲ್ಲಿ ಸೋಯಾ ಎಣ್ಣೆಯ ದೊಡ್ಡ ಪಾಲು ಇಂಧನಕ್ಕೆ ಹೋಗುತ್ತಿದೆ. ಬ್ರೆಜಿಲ್ 2025ರ ಆಗಸ್ಟ್‌ನಿಂದ ಡೀಸೆಲ್‌ನಲ್ಲಿ ಶೇ 15ರಷ್ಟು ಜೈವಿಕ ಡೀಸೆಲ್ ಬೆರೆಸುವುದನ್ನು ಕಡ್ಡಾಯ ಮಾಡಿದೆ. ಅಲ್ಲಿ ಲಾರಿಗೆ ಹಾಕಿದ ಎಣ್ಣೆ ನಮ್ಮ ಅಡುಗೆಮನೆಯ ಎಣ್ಣೆಯನ್ನು ತುಟ್ಟಿ ಮಾಡುತ್ತದೆ.

ಜಾಗತಿಕ ದರವನ್ನು ಷಿಕಾಗೊ ಪೇಟೆಯಲ್ಲಿ ನೋಡಬೇಕು. ಅಲ್ಲಿ ಎಣ್ಣೆಯನ್ನು ಪೌಂಡಿಗೆ ಇಷ್ಟು ಸೆಂಟ್ ಎಂದು ಹೇಳುತ್ತಾರೆ. ಒಂದು ಕಿಲೊ ಎಂದರೆ 2.2046 ಪೌಂಡ್. ದರ 50 ಸೆಂಟ್, ಡಾಲರ್‌ಗೆ 88 ರೂಪಾಯಿ ಎಂದು ಹಿಡಿದರೆ ಕಿಲೊಗೆ 97 ರೂಪಾಯಿ ಆಗುತ್ತದೆ. ಇದಕ್ಕೆ ಹಡಗಿನ ಬಾಡಿಗೆ ಮತ್ತು ಆಮದು ಸುಂಕ ಸೇರುತ್ತವೆ. ಕಚ್ಚಾ ಎಣ್ಣೆಯ ಮೇಲಿನ ಒಟ್ಟು ಸುಂಕವನ್ನು ಕೇಂದ್ರ ಸರ್ಕಾರ 2024ರ ಸೆಪ್ಟೆಂಬರ್‌ನಲ್ಲಿ ಶೇ 27.5ಕ್ಕೆ ಏರಿಸಿ, 2025ರ ಮೇ ಕೊನೆಯಲ್ಲಿ ಶೇ 16.5ಕ್ಕೆ ಇಳಿಸಿತು.

ಹಿಂಡಿಯ ದರ ಮರೆಯಬೇಡಿ

ಚೀಲದ ಬೆಲೆ ಬೀಳುವುದು ಹೆಚ್ಚಾಗಿ ಇಲ್ಲಿ. ಸೋಯಾ ಹಿಂಡಿಯನ್ನು ಕೊಳ್ಳುವವರು ಕೋಳಿ ಸಾಕುವವರು ಮತ್ತು ಪಶು ಆಹಾರ ತಯಾರಿಸುವವರು. ಈಚಿನ ವರ್ಷಗಳಲ್ಲಿ ಮೆಕ್ಕೆಜೋಳ ಮತ್ತು ಅಕ್ಕಿಯಿಂದ ಎಥೆನಾಲ್ ತೆಗೆಯುವ ಡಿಸ್ಟಿಲರಿಗಳು ಹೆಚ್ಚಿದಂತೆ, ಅಲ್ಲಿ ಉಳಿಯುವ ಒಣಗಿಸಿದ ಚರಟ, ಅಂದರೆ ಡಿಡಿಜಿಎಸ್, ಅಗ್ಗದ ಪ್ರೋಟೀನ್ ಆಗಿ ಇದೇ ಕೊಳ್ಳುಗರ ಬಾಗಿಲಿಗೆ ಬಂದಿದೆ. ಹೊರದೇಶಕ್ಕೆ ಮಾರೋಣವೆಂದರೆ ಅಲ್ಲಿ ಅರ್ಜೆಂಟೀನಾ ಮತ್ತು ಬ್ರೆಜಿಲ್‌ಗಳ ಹಿಂಡಿ ನಮ್ಮದಕ್ಕಿಂತ ಅಗ್ಗವಾಗಿ ಸಿಗುತ್ತದೆ. ಕುಲಾಂತರಿ ಅಲ್ಲದ ಕಾಳು ಎಂಬುದು ನಮ್ಮ ಹಿಂಡಿಯ ಹೆಚ್ಚುಗಾರಿಕೆ. ಅದಕ್ಕೆ ಹೆಚ್ಚು ಹಣ ಕೊಡುವ ಗಿರಾಕಿಗಳಿದ್ದಾರೆ, ಆದರೆ ಎಲ್ಲರೂ ಕೊಡುವುದಿಲ್ಲ.

ಹಿಂಡಿಯ ಬಲ ಎಷ್ಟೆಂದು ತಿಳಿಯಲು 2021 ನೆನೆಯಬೇಕು. ಆ ಬೇಸಿಗೆ ಕಳೆದ ಮೇಲೆ ದೊಡ್ಡ ಪೇಟೆಗಳಲ್ಲಿ ಸೋಯಾ ಕ್ವಿಂಟಲಿಗೆ 10,000 ರೂಪಾಯಿ ದಾಟಿತ್ತು. ಕೋಳಿ ಉದ್ಯಮದ ಒತ್ತಾಯಕ್ಕೆ ಸರ್ಕಾರ ಆಗಸ್ಟ್‌ನಲ್ಲಿ 12 ಲಕ್ಷ ಟನ್ ಕುಲಾಂತರಿ ಸೋಯಾ ಹಿಂಡಿಯ ಆಮದಿಗೆ ಅನುಮತಿ ಕೊಟ್ಟಿತು.

ಈಗ ಕೂಡಿಸಿ

ಲೆಕ್ಕ ಕಲಿಯಲೆಂದು ಕಚ್ಚಾ ಎಣ್ಣೆ ಕಿಲೊಗೆ 118 ರೂಪಾಯಿ, ಹಿಂಡಿ 32 ರೂಪಾಯಿ ಎಂದು ಇಟ್ಟುಕೊಳ್ಳೋಣ. 18 ಕಿಲೊ ಎಣ್ಣೆಗೆ 2,124, 81 ಕಿಲೊ ಹಿಂಡಿಗೆ 2,592, ಒಟ್ಟು 4,716. ಗಿರಣಿಯ ಖರ್ಚು, ಸಾಗಾಣಿಕೆ, ಲಾಭಕ್ಕೆಂದು 250 ಕಳೆದರೆ 4,466 ರೂಪಾಯಿ. ಗಿರಣಿಯವರು ಇದಕ್ಕಿಂತ ಬಹಳ ಮೇಲೆ ಹೋಗಲಾರರು, ಬಹಳ ಕೆಳಗೆ ಕೇಳಿದರೆ ನೀವು ಒಪ್ಪಬೇಕಾಗಿಲ್ಲ.

ಇನ್ನೊಂದು ಗುಣಾಕಾರ ಮಾಡಿ. ಎಣ್ಣೆ ಕಿಲೊಗೆ 10 ರೂಪಾಯಿ ಏರಿದರೆ ಕ್ವಿಂಟಲಿಗೆ 180 ರೂಪಾಯಿ ಸೇರುತ್ತದೆ. ಹಿಂಡಿ ಕಿಲೊಗೆ ಬರೀ 5 ರೂಪಾಯಿ ಇಳಿದರೆ 405 ರೂಪಾಯಿ ಹೋಗುತ್ತದೆ. ಎಣ್ಣೆ ಏರಿದರೂ ಸೋಯಾ ಯಾಕೆ ಏರದು ಎಂಬ ಪ್ರಶ್ನೆಗೆ ಉತ್ತರ ಇದು. 2024ರಲ್ಲಿ ಎಣ್ಣೆಯ ಸುಂಕ ಏರಿದ ಮೇಲೂ ಸೋಯಾ ದರ 4,892 ರೂಪಾಯಿಯ ಬೆಂಬಲ ಬೆಲೆ ಮುಟ್ಟದೆ ಉಳಿದದ್ದು ಹೀಗೆ. ರೈತರಿಗೆ ನೆರವಾಗಬೇಕೆಂದು ಎಣ್ಣೆಯ ಸುಂಕವನ್ನಷ್ಟೇ ಹೆಚ್ಚಿಸುವುದು ಅರ್ಧ ಕೆಲಸ ಎಂದೇ ನನ್ನ ಭಾವನೆ. ಹಿಂಡಿಗೆ ಗಿರಾಕಿ ಇಲ್ಲದಿದ್ದರೆ ಆ ಲಾಭ ಚೀಲದವರೆಗೆ ಬರುವುದಿಲ್ಲ.

ಷಿಕಾಗೊದ ಕಾಳಿನ ದರವನ್ನೂ ತಾಳೆ ನೋಡಬಹುದು. ಅಲ್ಲಿಯ ಅಳತೆ ಬುಷೆಲ್, ಅಂದರೆ 27.2 ಕಿಲೊ, ಡಾಲರ್ ದರವನ್ನು 3.67ರಿಂದ ಗುಣಿಸಿದರೆ ಕ್ವಿಂಟಲಿನ ಡಾಲರ್ ದರ. ಬುಷೆಲ್‌ಗೆ 10 ಡಾಲರ್ ಎಂದರೆ ನಮ್ಮಲ್ಲಿ ಸುಮಾರು 3,230 ರೂಪಾಯಿ.

ತೂಕಕ್ಕೆ ಮುನ್ನ ತೇವಾಂಶ

ಸೆಪ್ಟೆಂಬರ್, ಅಕ್ಟೋಬರ್‌ನ ಮಳೆಯಲ್ಲಿ ಕೊಯ್ದ ಕಾಳಿಗೆ ಅತಿ ಹೆಚ್ಚು ನಷ್ಟ ಆಗುವುದು ತೇವಾಂಶದ ಕಡಿತದಲ್ಲಿ. ಅನುಭವಿಗಳು ಕಾಳನ್ನು ಹಲ್ಲಿನಲ್ಲಿ ಕಚ್ಚಿ ನೋಡುತ್ತಾರೆ. ಒಣಗಿದ್ದು ಕಟ್ ಎಂದು ಒಡೆಯುತ್ತದೆ, ಹಸಿಯದು ಹಲ್ಲಿಗೆ ಮೆತ್ತಗಾಗುತ್ತದೆ. ಇನ್ನೂ ನಂಬಬಹುದಾದ ಉಪಾಯವೆಂದರೆ, ಚೆನ್ನಾಗಿ ಒಣಗಿದ ಗಾಜಿನ ಬಾಟಲಿಗೆ ಮೂರನೆಯ ಒಂದು ಭಾಗ ಕಾಳು ತುಂಬಿ, ಎರಡು ಮೂರು ಚಮಚ ಒಣ ಉಪ್ಪು ಹಾಕಿ, ಮುಚ್ಚಿ ಒಂದು ನಿಮಿಷ ಅಲುಗಾಡಿಸಿ ಹದಿನೈದು ನಿಮಿಷ ಬಿಡುವುದು. ಉಪ್ಪು ಗಾಜಿಗೆ ಅಂಟಿಕೊಂಡರೆ ತೇವಾಂಶ ಶೇ 15ಕ್ಕಿಂತ ಮೇಲಿದೆ.

ಒಣಗಿಸಿದರೆ ತೂಕ ಕಡಿಮೆಯಾಗುತ್ತದೆಂದು ಹಸಿಯದನ್ನೇ ಒಯ್ಯುವವರು ಈ ಲೆಕ್ಕ ನೋಡಬೇಕು. ಶೇ 15 ತೇವಾಂಶದ ಒಂದು ಕ್ವಿಂಟಲ್‌ನಲ್ಲಿ 85 ಕಿಲೊ ಒಣ ಪದಾರ್ಥ ಇರುತ್ತದೆ. ಅದನ್ನು ಶೇ 12ಕ್ಕೆ ತಂದರೆ ಉಳಿಯುವ ತೂಕ 96.6 ಕಿಲೊ, ಹೋಗುವುದು 3.4 ಕಿಲೊ ಮಾತ್ರ. ದರ 4,500 ಇದ್ದರೆ ಇದರ ಬೆಲೆ 153 ರೂಪಾಯಿ. ಮಾರುಕಟ್ಟೆಯಲ್ಲಿ ತೇವಾಂಶದ ಹೆಸರಿನಲ್ಲಿ ಇದಕ್ಕಿಂತ ಹೆಚ್ಚು ಮುರಿಯುತ್ತಾರೆಂದರೆ, ತಾಡಪತ್ರಿ ಹಾಸಿ ಎರಡು ಬಿಸಿಲು ತೋರಿಸುವುದೇ ಲೇಸು. ಸೋಯಾದ ಸಿಪ್ಪೆ ತೆಳು, ತುಳಿದರೆ ಬೇಳೆಯಾಗಿ ಒಡೆಯುತ್ತದೆ. ಒಡೆದ ಕಾಳಿನ ಎಣ್ಣೆ ಬೇಗ ಹುಳಿಯಾಗುವುದರಿಂದ ಅದಕ್ಕೂ ದರ ಮುರಿಯುತ್ತಾರೆ.

ಬೆಂಬಲ ಬೆಲೆ ಕೇಂದ್ರಕ್ಕೂ ಶೇ 12ರ ಮಿತಿಯೇ ಇದೆ. 2025–26ರ ಹಂಗಾಮಿಗೆ ಈ ಬೆಲೆ 5,328 ರೂಪಾಯಿ. ಅಲ್ಲಿ ಮಾರಲು ರಾಜ್ಯ ಸರ್ಕಾರದ ರೈತ ನೋಂದಣಿಯಾದ ಫ್ರೂಟ್ಸ್‌ನ ಗುರುತಿನ ಸಂಖ್ಯೆ ಬೇಕು, ಬೆಳೆ ಸಮೀಕ್ಷೆಯಲ್ಲಿ ಸೋಯಾ ಎಂದೇ ದಾಖಲಾಗಿರಬೇಕು. ಇದನ್ನು ರಾಶಿಗೆ ಮೊದಲೇ ನೋಡಿಕೊಳ್ಳಬೇಕು.

ಇಟ್ಟುಕೊಳ್ಳುವವರಿಗೆ

ದರ ಏರಲೆಂದು ಕಾಯುವವರು ಕಾಯುವುದರ ಖರ್ಚನ್ನೂ ಬರೆಯಬೇಕು. 4,500 ರೂಪಾಯಿಗೆ ವರ್ಷಕ್ಕೆ ಶೇ 12ರ ಬಡ್ಡಿ ಹಿಡಿದರೆ ತಿಂಗಳಿಗೆ 45 ರೂಪಾಯಿ. ನಾಲ್ಕು ತಿಂಗಳಿಗೆ 180, ಜೊತೆಗೆ ಗೋದಾಮಿನ ಬಾಡಿಗೆ. ಜಗತ್ತಿನಲ್ಲಿ ಅತಿ ಹೆಚ್ಚು ಸೋಯಾ ಬೆಳೆಯುವ ಬ್ರೆಜಿಲ್‌ನಲ್ಲಿ ಕೊಯ್ಲು ಜನವರಿಯಲ್ಲಿ ಶುರುವಾಗಿ ಫೆಬ್ರುವರಿ, ಮಾರ್ಚ್‌ನಲ್ಲಿ ಜೋರಾಗುತ್ತದೆ; ಅರ್ಜೆಂಟೀನಾದ ಬೆಳೆಗೆ ಜನವರಿ, ಫೆಬ್ರುವರಿಯ ಮಳೆ ನಿರ್ಣಾಯಕ. ಅಲ್ಲಿ ಮಳೆ ಕೈಕೊಟ್ಟ ಸುದ್ದಿ ಬಂದರೆ ಇಟ್ಟ ಚೀಲಕ್ಕೆ ಬಲ ಬರಬಹುದು. ಅಲ್ಲಿ ಬೆಳೆ ಚೆನ್ನಾಗಿದೆ ಎಂದು ಡಿಸೆಂಬರ್ ಕೊನೆಗೇ ತಿಳಿದರೆ, ಇಲ್ಲಿ ಸಂಕ್ರಾಂತಿಯೊಳಗೆ ಅರ್ಧದಷ್ಟಾದರೂ ಚೀಲ ಮಾರಿ, ಉಳಿದದ್ದರ ದರವನ್ನು ವಾರಕ್ಕೊಮ್ಮೆ ಅದೇ ಕಾಗದದ ಮೇಲೆ ಎಣ್ಣೆ ಒಂದು ಕಡೆ, ಹಿಂಡಿ ಒಂದು ಕಡೆ ಬರೆಯುತ್ತ ಹೋಗಿ.