ಹಕ್ಕಿಗಳಿಗೆ ಗದ್ದೆ ಬಾಡಿಗೆಗೆ ಹಿಡಿಯುವುದು ಹೇಗೆ?

ವಲಸೆ ಹಕ್ಕಿಗೆ ವರ್ಷಪೂರ್ತಿ ನೀರು ಬೇಕಿಲ್ಲ. ದಾರಿಯಲ್ಲಿ ಇಳಿದು ಹೊಟ್ಟೆ ತುಂಬಿಸಿಕೊಳ್ಳುವ ಕೆಲವು ವಾರ ಇದ್ದರೆ ಸಾಕು. ಅಷ್ಟಕ್ಕೆ ರೈತರ ಜಮೀನನ್ನೇ ಕೊಂಡು ಬೇಲಿ ಹಾಕುವ ಬದಲು ಆ ವಾರಗಳಿಗೆ ಮಾತ್ರ ಬಾಡಿಗೆ ಕೊಟ್ಟರೆ ಆಗಲ್ವಾ? ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 'ದಿ ನೇಚರ್ ಕನ್ಸರ್ವೆನ್ಸಿ' ಸಂಸ್ಥೆ 2014ರಲ್ಲಿ ಇದನ್ನೇ ಮಾಡಿತು. ಯೋಜನೆಯ ಹೆಸರು 'ಬರ್ಡ್‌ರಿಟರ್ನ್ಸ್'. ಅಲ್ಲಿನ ಸೆಂಟ್ರಲ್ ವ್ಯಾಲಿಯ ಜೌಗು ನೆಲದಲ್ಲಿ ಶೇ 90ಕ್ಕೂ ಹೆಚ್ಚು ಯಾವತ್ತೋ ಹೊಲ, ಊರು ಆಗಿಹೋಗಿದೆ. ಹಕ್ಕಿಗಳಿಗೆ ಈಗ ಭತ್ತದ ಗದ್ದೆಯೇ ಗತಿ.

ಮೊದಲ ಕೆಲಸ, ಯಾವ ವಾರ ಎಲ್ಲಿ ನೀರು ಕಡಿಮೆ ಬೀಳುತ್ತದೆ ಅಂತ ಹುಡುಕುವುದು. ಹಕ್ಕಿ ನೋಡುವ ಹವ್ಯಾಸದವರು, ಕಂಡ ಹಕ್ಕಿಗಳನ್ನು ಬರೆದಿಡುವ ಆನ್‌ಲೈನ್ ತಾಣ 'ಇಬರ್ಡ್‌'ನಲ್ಲಿ ಹಾಕಿದ ಪಟ್ಟಿಗಳಿಂದ ಹಕ್ಕಿಗಳು ಎಲ್ಲಿ, ಯಾವಾಗ ಬರುತ್ತವೆ ಅಂತ ತಿಳಿಯಿತು. ಉಪಗ್ರಹದ ಚಿತ್ರಗಳಿಂದ ನೀರು ಎಲ್ಲಿದೆ ಅಂತ ತಿಳಿಯಿತು. ಎರಡನ್ನೂ ಒಟ್ಟಿಗಿಟ್ಟು ನೋಡಿದರು. 1991ರ ಕಾನೂನು ಹುಲ್ಲು ಸುಡುವುದಕ್ಕೆ ಕಡಿವಾಣ ಹಾಕಿದ ಮೇಲೆ ಅಲ್ಲಿನ ರೈತರು ಕೂಳೆ ಕೊಳೆಯಲಿ ಅಂತ ಚಳಿಗಾಲದಲ್ಲಿ ಗದ್ದೆಗೆ ನೀರು ನಿಲ್ಲಿಸತೊಡಗಿದ್ದರು, ಅದು ಹಕ್ಕಿಗೂ ಅನುಕೂಲವೇ ಆಯಿತು, ಆದರೆ ಬಿತ್ತನೆಗೆ ಮೊದಲು ಉಳುವುದಕ್ಕೆ ನೆಲ ಒಣಗಬೇಕಲ್ಲ, ಫೆಬ್ರವರಿ ಹೊತ್ತಿಗೆ ನೀರು ಬಸಿದುಬಿಡುತ್ತಾರೆ. ಉತ್ತರಕ್ಕೆ ಹೊರಟ ಉಲ್ಲಂಕಿಗಳಿಗೆ, ಅಂದರೆ ಕೆಸರಿನಲ್ಲಿ ಹುಳ ಹೆಕ್ಕುವ ಸಣ್ಣ ಹಕ್ಕಿಗಳಿಗೆ, ನೀರು ಬೇಕಾಗುವುದು ಸರಿಯಾಗಿ ಆಗಲೇ. (ಅಲ್ಲಿ ಭತ್ತ ಬಿತ್ತುವುದು ವಿಮಾನದಿಂದ, ನಮ್ಮ ನಾಟಿಯವರು ಕೇಳಿದರೆ ನಕ್ಕಾರು.)

ಆಮೇಲೆ ಷರತ್ತು. 'ಆವಾಸಸ್ಥಾನ ಕಾಪಾಡಿ' ಅಂತ ಬರೆದುಕೊಟ್ಟರೆ ರೈತರಿಗೆ ಏನೂ ತಿಳಿಯುವುದಿಲ್ಲ. ಎಷ್ಟು ಇಂಚು ನೀರು, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಇಷ್ಟು ಹೇಳಿ. ಅಲ್ಲಿ 4, 6 ಅಥವಾ 8 ವಾರ ಅಂತ ಇಟ್ಟರು. ನೀರು ನಾಲ್ಕು ಇಂಚಿನೊಳಗೇ ಇರಬೇಕು, ಯಾಕೆಂದರೆ ಉಲ್ಲಂಕಿಗಳ ಕಾಲು ಗಿಡ್ಡ. ಆಳ ಜಾಸ್ತಿಯಾದರೆ ಬಾತುಗಳು ಖುಷಿಯಾಗಿರುತ್ತವೆ, ಇವಕ್ಕೆ ಕೆಸರಿನ ಹುಳವೇ ಎಟುಕುವುದಿಲ್ಲ.

ಮೂರನೆಯದು ದರ. ನನಗೆ ಇಡೀ ಯೋಜನೆಯಲ್ಲಿ ಜಾಣತನ ಕಂಡಿದ್ದು ಇಲ್ಲೇ. ಸಾಮಾನ್ಯವಾಗಿ ಇಂಥ ಕಡೆ ಆಫೀಸಿನಲ್ಲಿ ಕೂತವರು ಎಕರೆಗೆ ಇಷ್ಟು ಅಂತ ಬರೆದುಬಿಡುತ್ತಾರೆ, ಅದು ಒಬ್ಬನಿಗೆ ಲಾಟರಿ, ಇನ್ನೊಬ್ಬನಿಗೆ ಖರ್ಚಿಗೂ ಸಾಲದು. ಇವರು ಟೆಂಡರ್ ಕರೆದ ಹಾಗೆ ಕರೆದರು. ನಿಮಗೆ ಎಷ್ಟು ಕೊಟ್ಟರೆ ಗಿಟ್ಟುತ್ತದೆ, ನೀವೇ ಬರೆದು ಕೊಡಿ ಅಂದರು. ಬಿತ್ತನೆ ತಡವಾದರೆ ಎಷ್ಟು ನಷ್ಟ, ನೀರಿಗೆ ಎಷ್ಟು ಖರ್ಚು ಅನ್ನುವುದು ರೈತನಿಗಲ್ಲದೆ ಬೇರೆ ಯಾರಿಗೆ ಗೊತ್ತು? ಬಂದ ದರಗಳಲ್ಲಿ ಕಡಿಮೆಯದ್ದನ್ನೇ ಕಣ್ಣುಮುಚ್ಚಿ ಆರಿಸಲಿಲ್ಲ. ಆ ಗದ್ದೆಗೆ ಹಕ್ಕಿ ಬರುವ ಸಾಧ್ಯತೆ ಎಷ್ಟು ಅನ್ನುವುದನ್ನೂ ತೂಗಿದರು. ಮೊದಲ ಸಲವೇ ಸುಮಾರು 10,000 ಎಕರೆಯಲ್ಲಿ ನೀರು ನಿಂತಿತು. ಉಳಿದ ಗದ್ದೆಗಳಿಗಿಂತ ಇಲ್ಲಿ ಹಕ್ಕಿಗಳು ಹಲವು ಪಟ್ಟು ಹೆಚ್ಚು ಕಂಡವು.

ನಾಲ್ಕನೆಯದು ಉಸ್ತುವಾರಿ. ಹೋಗಿ ನೀರಿನ ಮಟ್ಟ ನೋಡಿ, ಹಕ್ಕಿ ಎಣಿಸಿ, ತಡಮಾಡದೆ ದುಡ್ಡು ಕೊಡಿ. ಹಕ್ಕಿ ಬರಲಿಲ್ಲ ಅಂತ ಮಾತ್ರ ದುಡ್ಡು ಹಿಡಿಯಬೇಡಿ, ಬರುವುದು ಬಿಡುವುದು ರೈತನ ಕೈಲಿಲ್ಲ.

ಇದು ಎಲ್ಲ ಕಡೆಗೂ ಹೊಂದುವುದಿಲ್ಲ. ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳು ಊರೊಳಗಿನ ಹುಣಸೆ ಮರಗಳಲ್ಲೇ ಗೂಡು ಕಟ್ಟುತ್ತವೆ. ಹಣ್ಣು ಉದುರಿಸುವ ಹೊತ್ತಿಗೆ ಮರದ ತುಂಬ ಮರಿಗಳು. ಹೀಗಾಗಿ ಅರಣ್ಯ ಇಲಾಖೆ ಮರದ ಮಾಲೀಕರಿಗೆ ಪರಿಹಾರ ಕೊಡುತ್ತದೆ. ಅಲ್ಲಿ ಟೆಂಡರ್ ಕರೆದು ಉಪಯೋಗವಿಲ್ಲ, ಮರ ಆರಿಸುವುದು ಹಕ್ಕಿಯೇ. ಅಲ್ಲಿ ಬೇಕಾಗಿರುವುದು ಹುಣಸೆ ರೇಟು ಏರಿದಂತೆ ಏರುವ ಪರಿಹಾರ, ಅದೂ ಪ್ರತಿ ವರ್ಷ ಹೊತ್ತಿಗೆ ಸರಿಯಾಗಿ.

ಕ್ಯಾಲಿಫೋರ್ನಿಯಾ ಮಾದರಿ ನಮ್ಮಲ್ಲಿ ಪ್ರಯತ್ನಿಸುವುದಾದರೆ ಗದಗ ಜಿಲ್ಲೆಯ ಮಾಗಡಿ ಕೆರೆ ಸರಿಯಾದ ಜಾಗ. 2024ರಲ್ಲಿ ರಾಮ್ಸರ್ ಪಟ್ಟಿಗೂ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೂ, ಸೇರಿತು. ಚಳಿಗಾಲದಲ್ಲಿ ಬರುವ ಪಟ್ಟೆತಲೆ ಹೆಬ್ಬಾತುಗಳು ಕೆರೆಯಲ್ಲಿ ತಂಗಿ ಸುತ್ತಲ ಹೊಲಗಳಲ್ಲಿ ಮೇಯುತ್ತವೆ. ಇಲ್ಲಿ ಕೇಳಬೇಕಾದ್ದು ನೀರಲ್ಲ, ಮೇಯಲು ಬಿಡುವುದಕ್ಕೆ ಎಷ್ಟು ಅಂತ. ದರ ಕೇಳುವ ಮೊದಲು ಯಾವ ವಾರ ಯಾವ ಹೊಲಕ್ಕೆ ಎಷ್ಟು ಇಳಿಯುತ್ತವೆ ಅಂತ ಒಂದೆರಡು ಹಂಗಾಮು ಬರೆದಿಡಿ. ಇದಕ್ಕೆ ದೊಡ್ಡ ಯೋಜನೆ ಬೇಡ, ಊರಿನ ಮೇಷ್ಟ್ರು ಮತ್ತು ಮೊಬೈಲ್ ಇರುವ ನಾಲ್ಕು ಹುಡುಗರು ಸಾಕು. ಇಬರ್ಡ್ ಆ್ಯಪ್ ಪುಕ್ಕಟೆಯೇ ಸಿಗುತ್ತದೆ.